ಬೇಲಿಯಾಚೆಯ ಹೂವು

ಕಳಸ ಪೇಟೆಯ ಮೇಲಿನ ಗುಡ್ಡದ ನಮ್ಮ ಪುಟ್ಟ ಊರಿನಲ್ಲಿ ಆ ಮಾರ್ಚ್‌ನಲ್ಲಿ ನಮ್ಮೊಂದು ಕಾಫಿ ತೋಟಕ್ಕೆ ಮಾತ್ರ ಮೊಗ್ಗು ಅರಳಿಸುವ ಹೂಮಳೆ ಬೀಳಲಿಲ್ಲ. ಬೇಲಿಯಾಚೆ ಬಸಮ್ಮನವರ ಗಿಡಗಳೆಲ್ಲ ಬೆಳ್ಳಗೆ ಅರಳಿ ನಿಂತವು. ಹೂವಿರುವಾಗ ತೋಟದೊಳಗೆ ಯಾರೂ ಕಾಲಿಡುವುದಿಲ್ಲ. ಮೈ ತಾಗಿದರೆ ಕಾಯಿ ಕಟ್ಟುವುದಿಲ್ಲ. ನಾನು ಮಧ್ಯಾಹ್ನವೆಲ್ಲ ಜಗಲಿಯಲ್ಲಿ ಕೂತು, ಹೊಟ್ಟೆ ಉರಿದುಕೊಂಡು ಆ ಹೂವನ್ನೇ ನೋಡಿದೆ. ಸುಡುವ ಬಿಸಿಲಿನಲ್ಲೂ ಅಂಗಾಲು ಮಾತ್ರ ತಣ್ಣಗಾಗುತ್ತಿತ್ತು.

ಸಂಜೆ ಬಸಮ್ಮ ಬೇಲಿಯ ಹತ್ತಿರ ಬಂದರು. “ಎಂಥದೇ ಸುಪ್ರಿಯಾ, ಮಧ್ಯಾಹ್ನ ನಮ್ಮ ಹೂವಿನೊಳಗೆ ಓಡಾಡ್ತಿದ್ಯಲ್ಲ? ಕೂಗಿದ್ರೂ ತಿರುಗ್ಲಿಲ್ಲ.”

“ನಾನು ಜಗಲಿ ಬಿಟ್ಟು ಎದ್ದೇ ಇಲ್ಲ ಬಸಮ್ಮಕ್ಕ.”

“ಹಂಗಾರೆ ತಲೆ ತುಂಬ ಇರೋದು ಎಂಥದು ಮಾರಾಯ್ತಿ?”

ಮುಟ್ಟಿ ನೋಡಿಕೊಂಡೆ. ಕಾಫಿ ಹೂವಿನ ಎಸಳುಗಳು ಒದ್ದೆಯಾಗಿ ಅಂಟಿಕೊಂಡಿದ್ದವು.

ಆ ವರ್ಷ ನಮ್ಮ ಜಗಲಿಯಿಂದ ಕಾಣುವ ಅವರ ನಲವತ್ತೊಂದು ಗಿಡಗಳಲ್ಲಿ ಒಂದು ಕಾಯಿಯೂ ಕಟ್ಟಲಿಲ್ಲ.