ನಾಲ್ಕು ಇಲಾಖೆಯ ಬಟ್ಟೆ

ಬೆಳಗ್ಗೆ ವಿಮಾನ ಬರುವಷ್ಟರಲ್ಲಿ ಗುಡ್ಡದ ನೆತ್ತಿಯ ಮೇಲೆ ನಾಲ್ಕು ತೋಳಿನ ದೊಡ್ಡದೊಂದು ಬಿಳಿ ಬಟ್ಟೆಯ ಗುರುತು ಹಾಸಿರಬೇಕು. ಚಿತ್ರದಲ್ಲಿ ಅದು ಕಾಣದಿದ್ದರೆ ಈ ಕಣಿವೆಯನ್ನು ನಕ್ಷೆಗೆ ಕೂರಿಸಲಾಗದು, ಕೈಬಿಡುತ್ತಾರೆ.

ಇಡೀ ರಾಜ್ಯವನ್ನು ಆಕಾಶದಿಂದ ಚಿತ್ರ ತೆಗೆಯುವ ಯೋಜನೆಯದು. ಖರ್ಚು ಒಬ್ಬರಿಗೇ ಭಾರವೆಂದು ಅರಣ್ಯ, ನೀರಾವರಿ, ರಸ್ತೆ, ಕಂದಾಯ ಇಲಾಖೆಗಳು ಪಾಲು ಹಾಕಿಕೊಂಡಿದ್ದವು. ಪಾಲಿನ ಚಟ ಎಷ್ಟು ತಲೆಗೇರಿತ್ತೆಂದರೆ, ಗುರುತಿನ ನಾಲ್ಕು ತೋಳುಗಳ ಬಟ್ಟೆಯನ್ನೂ ಇಲಾಖೆಗೊಂದರಂತೆ ಹಂಚಿದ್ದರು.

ಗುರುತು ಹಾಸಲು ಹೊರಟ ಸರ್ವೆಯರನ ಅಕ್ಕನ ಮನೆ ಇದೇ ಗುಡ್ಡದ ಬುಡದಲ್ಲಿತ್ತು. ಇಳಿಜಾರಿನ ಪೊದೆಗಳ ನಡುವೆ ಅಲ್ಲೊಂದು ಇಲ್ಲೊಂದು ಬಿರುಕು. ಅವೆಲ್ಲ ಕೂಡಿ ಒಂದೇ ಸೀಳಾಗಿದ್ದರೆ ಗುಡ್ಡ ಮನೆಯ ಮೇಲೇ ಜಾರುತ್ತದೆ; ಕೂಡಿವೆಯೋ ಇಲ್ಲವೋ ಆಕಾಶದಿಂದಷ್ಟೇ ಕಾಣುತ್ತದೆ. ಮನೆ ಬಿಡು ಎಂದು ಹೇಳಿ ಹೇಳಿ ಅವನಿಗೆ ಬಾಯಿ ನೋವು ಬಂದಿತ್ತು. "ಕಣ್ಣಾರೆ ತೋರ್ಸು, ಬಿಟ್ಟು ಬರ್ತೀನಿ," ಎಂದು ಅಕ್ಕ ಹಟ ಹಿಡಿದಿದ್ದಳು.

ಅವನ ಜೊತೆ ಇಬ್ಬರೇ: ಗಡ್ಡಣ್ಣನೆಂದು ಎಲ್ಲರೂ ಕರೆಯುವ ಅರಣ್ಯದ ಗಾರ್ಡ್, ನೀರಾವರಿಯ ವೈರ್‌ಲೆಸ್ ಮೇಡಂ.

ಹಳ್ಳದಲ್ಲೇ ಮೊದಲ ಪೆಟ್ಟು ಬಿತ್ತು. ನೀರು ಸೊಂಟ ಮುಟ್ಟಿತು. ಗಡ್ಡಣ್ಣ ಜಾರಿದ. ಮೇಡಂ ಅವನ ಕಾಲರ್ ಹಿಡಿದಳು. ಮನುಷ್ಯ ಉಳಿದ, ಗುರುತಿಗೆ ಬಳಿಯಲೆಂದು ಹೆಗಲ ಮೇಲೆ ಹೊತ್ತಿದ್ದ ಸುಣ್ಣದ ಚೀಲ ಹೋಯಿತು.

"ಬಟ್ಟೆ ಇದೆಯಲ್ಲ, ನಡೀರಿ," ಎಂದ ಸರ್ವೆಯರ್.

ಮೇಲೇರಿದಂತೆ ಮರಗಳು ಕುಳ್ಳಾದವು, ಆಮೇಲೆ ಇಲ್ಲವಾದವು. ಕಾಲಿಟ್ಟಲ್ಲಿ ಕಲ್ಲು ಕಳಚಿ ಉರುಳುತ್ತಿತ್ತು, ಅದು ತಳ ಮುಟ್ಟಿದ ಸದ್ದು ಎಷ್ಟೋ ಹೊತ್ತಿಗೆ ಕೇಳುತ್ತಿತ್ತು. ಮಂಜು ಸರಿದಾಗ ಕೆಳಗೆ ಬೆರಳೆಣಿಕೆಯ ಮನೆಗಳು ಕಂಡವು. ಒಂದರ ಅಂಗಳದಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಅಕ್ಕನೇ ಇರಬೇಕು. ಅವನು ಮತ್ತೆ ಆ ಕಡೆ ನೋಡಲಿಲ್ಲ.

ಕತ್ತಲಾದ ಮೇಲೆ ನೆತ್ತಿ ಮುಟ್ಟಿ ಅಲ್ಲೇ ಮಲಗಿದರು, ಬೆಳಗ್ಗೆ ಬಟ್ಟೆಯ ಗಂಟು ಬಿಚ್ಚಿದರು. ಮೂರು ಬಿಳಿ. ಒಂದು ಹಚ್ಚ ಹಸಿರು.

"ಗಡ್ಡಣ್ಣಾ, ಏನಿದು?"

"ನಮ್ಮ ಇಲಾಖೆ ಉಗ್ರಾಣದಲ್ಲಿ ಬಟ್ಟೆ ಅಂದ್ರೆ ಹಸಿರೇ ಸಾರ್," ಎಂದ ಗಡ್ಡಣ್ಣ. ಅವನ ಮುಖ ಸಪ್ಪಗಾಗಿತ್ತು.

ಹುಲ್ಲಿನ ಮೇಲೆ ಹಾಸಿದ ಹಸಿರು ಯಾರ ಕಣ್ಣಿಗೆ ಬಿದ್ದೀತು? ಸರ್ವೆಯರ್ ಕುಸಿದು ಕೂತ. "ಇನ್ನೊಂದು ಸಲ ಹಾರ್ತಾರಾ ಕೇಳಿ ಮೇಡಂ."

ಮೇಡಂ ಕೇಳಿದಳು. ಕಿವಿಯಿಂದ ವೈರ್‌ಲೆಸ್ ತೆಗೆದಳು. "ಅದರ ಖರ್ಚು ಯಾವ ಇಲಾಖೆ ಹಾಕ್ಕೊಳುತ್ತೆ ಅಂತಾರೆ."

ದೂರದಲ್ಲಿ ಗುಂಯ್‌ಗುಟ್ಟುವ ಸದ್ದು.

ಮೂರು ಬಿಳಿ ತೋಳು ಸರಸರ ಹಾಸಿದರು. ನಾಲ್ಕನೆಯದಕ್ಕೆ ಸರ್ವೆಯರ್ ಅಂಗಿ ಕಳಚಿದ. ಬಿಳಿ ಅಂಗಿ! ಗಡ್ಡಣ್ಣ ಬನಿಯನ್ ಎಳೆದು ತೆಗೆದ. ಮೇಡಂ ತನ್ನ ಹಾಸಿಗೆಯ ಬಿಳಿ ಹೊದಿಕೆಯನ್ನೇ ಹರಿದಳು. ಕಲ್ಲು ಹೇರಿದರು. ಗಾಳಿ ಆ ಚೂರುಗಳನ್ನು ಕಿತ್ತೆಸೆಯಿತು.

"ಮಲ್ಕೊಳ್ಳಿ! ಅಂಚು ಹಿಡ್ಕೊಳ್ಳಿ!"

ಮೂವರೂ ಬೋರಲು ಬಿದ್ದು ಆ ನಾಲ್ಕನೆಯ ತೋಳನ್ನು ನೆಲಕ್ಕೆ ಒತ್ತಿ ಹಿಡಿದರು. ಬೆತ್ತಲೆ ಬೆನ್ನು ಕೊರೆಯುವ ಚಳಿ. ವಿಮಾನ ತಲೆಯ ಮೇಲೆ ಹಾದು ಹೋಯಿತು.

ಇಳಿಯುವಾಗ ಹತ್ತಿ ಬಂದ ದಾರಿಯ ಒಂದು ತುಂಡೇ ಕುಸಿದುಹೋಗಿತ್ತು. ಸುತ್ತಿ ಬರುವಾಗ ಗಡ್ಡಣ್ಣನ ಕಾಲು ಉಳುಕಿತು. ಸರದಿಯಲ್ಲಿ ಹೆಗಲು ಕೊಟ್ಟು, ಅದೇ ಹಳ್ಳ ದಾಟಿಸಿ ತಂದರು. 

ಚಿತ್ರ ಬಂತು. ಬಿರುಕುಗಳು ಕೂಡಿದ್ದವು, ಒಂದೇ ಗೆರೆಯಾಗಿ ಆ ಮನೆಗಳ ಹಿತ್ತಲನ್ನು ಬಳಸಿದ್ದವು. ಜನರನ್ನು ಸ್ಥಳಾಂತರಿಸುವ ಖರ್ಚು ಯಾರ ಪಾಲಿಗೆಂದು ನಾಲ್ಕು ಇಲಾಖೆಗಳೂ ಸಭೆ ಸೇರಿದವು. ಚಹಾ ಮುಗಿಯಿತು, ಸಭೆ ಮುಂದಕ್ಕೆ ಹೋಯಿತು. ಸರ್ವೆಯರನಿಗೆ ಅಳು ಬಂತು. ಚಿತ್ರದ ಒಂದು ಪ್ರತಿ ಸುತ್ತಿಕೊಂಡು ಅಕ್ಕನ ಮನೆಗೆ ನಡೆದ.

ಅಕ್ಕ ಗೆರೆಯ ಮೇಲೆ ಬೆರಳಾಡಿಸಿದಳು. ಬೆರಳು ತನ್ನ ಮನೆಯ ಬಳಿ ನಿಂತಿತು. ಆಮೇಲೆ ಮೇಲಕ್ಕೆ, ನೆತ್ತಿಯ ಬಿಳಿ ಗುರುತಿಗೆ ಹೋಯಿತು.

"ಈ ತೋಳು ಯಾಕೋ ಸೊಟ್ಟಗಿದೆ?"

"ಅದು ನನ್ನ ಅಂಗಿ ಅಕ್ಕಾ. ಪಕ್ಕದ ಚುಕ್ಕೆ ನಾನು."

"ಆ ಚಳೀಲಿ? ಮೈಮೇಲೆ ಬಟ್ಟೆ ಇಲ್ದೆ?"

"ಹೂಂ."

ಅವಳು ಬಹಳ ಹೊತ್ತು ಆ ಚುಕ್ಕೆಯನ್ನೇ ನೋಡಿದಳು. ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಮಂಚ ಆ ಕಡೆಯಿಂದ ಎತ್ತು. ಆಮೇಲೆ ಈ ಚಿತ್ರ ಪಕ್ಕದ ಮನೆಯವರಿಗೂ ತೋರ್ಸೋಣ."

ಅವನು ಮಂಚದ ತುದಿ ಹಿಡಿದ.