ಡೇರಿ ತನಕ ಓಡುವ ಜಾವಾ

"ಒದೀಲಾ, ಇನ್ನೊಂದ್ಸಲ ಒದಿ! ದನ ಆಗಿದ್ರೆ ಇಷ್ಟೊತ್ಗೆ ತಿರುಗಿ ಒದ್ದಿರದು," ಎಂದಳು ಜಗಲಿಯ ಮೇಲೆ ಕೂತಿದ್ದ ಸೋಮಮ್ಮಜ್ಜಿ.

ಅಪ್ಪ ಬೆವರು ಒರೆಸಿಕೊಂಡು ಮತ್ತೆ ಕಿಕ್ ಹೊಡೆದ. ಹಳೇ ಜಾವಾ ಬೈಕು ಕೆಮ್ಮಿತು, ಸೀನಿತು, ಬೀದಿ ತುಂಬ ಹೊಗೆ ಬಿಟ್ಟು ಡಗ್ ಡಗ್ ಎಂದಿತು. ಶೋಭಿತಾ ಓಡಿಬಂದು ಹಿಂದೆ ಹತ್ತಿಕೊಂಡಳು.

ಬೈಕು ಹಿಟ್ಟಿನ ಗಿರಣಿ ದಾಟಿತು. ಹಾಲಿನ ಡೇರಿ ಮುಂದೆ ಬಂದಿದ್ದೇ ಪುಸ್ ಎಂದು ನಿಂತುಹೋಯಿತು. ನಿನ್ನೆಯೂ ಅಲ್ಲೇ ನಿಂತಿತ್ತು. ಮೊನ್ನೆಯೂ.

ಕ್ಯಾನು ಹಿಡಿದು ನಿಂತವರೆಲ್ಲ ನಕ್ಕರು. ಅವಳ ಕ್ಲಾಸಿನ ಸಂತೋಷ್ ಕೂಗಿದ, "ಲೇ ಶೋಭಿ, ನಿಮ್ ಬೈಕು ಎಷ್ಟು ಲೀಟ್ರು ಕರೀತದೆ? ದಿನಾ ಡೇರಿಗೆ ಬತ್ತದಲ್ಲ!"

"ನಿಮ್ಮನೆ ಸ್ಕೂಟರು ಸಗಣಿ ಹಾಕ್ತದಲ್ಲ, ಅದ್ಕಿಂತ ವಾಸಿ!" ಎಂದಳು ಶೋಭಿತಾ. ಆದರೆ ಕಿವಿ ಬಿಸಿಯಾಗಿತ್ತು.

ಇಬ್ಬರೂ ಬೈಕು ತಳ್ಳಿಕೊಂಡು ಮನೆಗೆ ಬಂದರು.

ಆ ಜಾವಾ ಶಿವಯ್ಯ ತಾತನದು. ತಾತ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ. ಅವನು ತೀರಿಕೊಂಡ ಮೇಲೆ ಬೈಕು ಏಳು ವರ್ಷ ಕೊಟ್ಟಿಗೆಯಲ್ಲೇ ಇತ್ತು. ಸೀಟಿನ ಮೇಲೆ ಕೋಳಿಗಳು ಮಲಗುತ್ತಿದ್ದವು. ಮಲಗಿ ಸುಮ್ಮನಿರುತ್ತಿದ್ದವು ಅಂತಲೂ ಹೇಳುವ ಹಾಗಿರಲಿಲ್ಲ. ಬ್ಯಾಂಕಿನ ಕೆಲಸಕ್ಕೆ ರಜೆ ಸಿಕ್ಕಾಗೆಲ್ಲ ಅಪ್ಪ ಅದನ್ನು ಉಜ್ಜಿದ್ದ. ಬಿಡಿಭಾಗ ಹುಡುಕಿಕೊಂಡು ಮೈಸೂರೆಲ್ಲ ಅಲೆದಿದ್ದ.

ಸಂಜೆ ಮೆಕ್ಯಾನಿಕ್ ನಿಂಗಯ್ಯ ಬಂದು ನಾಲ್ಕನೇ ಸಲ ಕಾರ್ಬೊರೇಟರ್ ಬಿಚ್ಚಿದ.

"ಇಂಜಿನ್ನು ಚಿನ್ನದಂಗದೆ ಸಾ. ಎಲ್ಲೋ ಏನೋ ಅಡ್ಡ ಬತ್ತಾ ಅದೆ. ಎಲ್ಲಿ ಅಂತ ಆ ಶಿವನಿಗೇ ಗೊತ್ತು."

ಶಿವನಿಗೆ ಗೊತ್ತಿತ್ತೋ ಇಲ್ಲವೋ, ಶೋಭಿತಾಗೆ ಗೊತ್ತಿತ್ತು. ಅವಳು ಐದು ವರ್ಷದವಳಿದ್ದಾಗ ಆ ಟ್ಯಾಂಕು ಅವಳ ಹುಂಡಿಯಾಗಿತ್ತು. ಮುಚ್ಚಳ ತೆಗೆದು ಸಿಕ್ಕಿದ್ದನ್ನೆಲ್ಲ ಅದರೊಳಗೆ ಹಾಕುತ್ತಿದ್ದಳು.

"ಸಾಕಪ್ಪ," ಎಂದ ಅಪ್ಪ. "ನಾಳೆ ಗುಜರಿಯವನು ಬರಲಿ, ತೂಕಕ್ಕೆ ಹಾಕ್ಬುಡ್ತೀನಿ."

ಅಜ್ಜಿ ಬೈಯಲಿಲ್ಲ. ಬೈಕಿನ ಸೀಟನ್ನು ಒಂದು ಸಲ ಸವರಿ ಸುಮ್ಮನೆ ಒಳಗೆ ಹೋದಳು. ಅಜ್ಜಿ ಬೈಯದೆ ಇದ್ದದ್ದು ನೋಡಿ ಶೋಭಿತಾ ಅಪ್ಪನ ಅಂಗಿ ಹಿಡಿದು ಎಳೆದಳು.

"ಅಪ್ಪಾ... ಟ್ಯಾಂಕಲ್ಲಿ ನನ್ ಹಲ್ಲದೆ."

"ಏನು?"

"ಹಲ್ಲು. ಸರದ ಮಣಿನೂ ಅವೆ. ಹುಣಸೆ ಬೀಜ ಜಾಸ್ತಿ ಇಲ್ಲ, ಒಂದ್ ಹಿಡಿ ಅಷ್ಟೇ."

ನಿಂಗಯ್ಯ ಸ್ಪ್ಯಾನರ್ ಕೆಳಗಿಟ್ಟ. ಅಪ್ಪನ ಮುಖ ಕೆಂಪಾಯಿತು. "ಇಷ್ಟು ದಿನ ಬಾಯಲ್ಲೇನು ಮುದ್ದೆ ಇಟ್ಕಂಡಿದ್ಯಾ?"

"ಒದೆ ಬೀಳ್ತದೆ ಅಂತ..."

ನಿಂಗಯ್ಯ ಟ್ಯಾಂಕು ಬಿಚ್ಚಿ ಬಕೆಟ್ಟಿನ ಮೇಲೆ ಬೋರಲು ಹಾಕಿ ಅಲ್ಲಾಡಿಸಿದ. ಪೆಟ್ರೋಲಿನ ಜೊತೆ ಮಣಿಗಳು ಉದುರಿದವು. ಉಬ್ಬಿದ ಬೀಜಗಳು ಉದುರಿದವು. ಪುಟ್ಟ ಹಲ್ಲೊಂದು ಬಿತ್ತು. ಅಪ್ಪ ಬೈಯಲು ಬಾಯಿ ತೆರೆದ.

ಟಣ್!

ಬಕೆಟ್ಟಿನೊಳಗೆ ಹಿತ್ತಾಳೆಯ ಸೀಟಿ ಬಿದ್ದಿತ್ತು.

"ಇದು ನಂದಲ್ಲ," ಎಂದಳು ಶೋಭಿತಾ ತಕ್ಷಣ.

ಅಪ್ಪ ಬಾಯಿ ಮುಚ್ಚಿದ.

ಸದ್ದು ಕೇಳಿ ಹೊರಗೆ ಬಂದ ಅಜ್ಜಿ ಸೀಟಿ ಎತ್ತಿಕೊಂಡು ಸೆರಗಲ್ಲಿ ಒರೆಸಿದಳು. "ಲೋ ಮಾದೇವಾ, ಇದು ನಿಮ್ಮಪ್ಪಂದಲ್ವೇನ್ಲಾ? ಇದು ಕಾಣಲ್ಲ ಅಂತ ಆ ಮನ್ಸ ಇಡೀ ಇಸ್ಕೂಲ್ ಐಕಳ ಜೇಬು ತಡಕಿದ್ನಲ್ಲಾ!"

ಅಪ್ಪ ಜಾವಾದ ಹಾಗೆಯೇ ಕೆಮ್ಮಿದ. "ದಿನಾ ಬೆಳಗ್ಗೆ ಐದು ಗಂಟೆಗೆ ಕಿವಿ ಹತ್ರ ಊದಿ ಎಬ್ಬಿಸ್ತಿದ್ದ ಕಣವ್ವ. ನಂಗಾಗ ಹತ್ತೇ ವರ್ಷ."

ಅಜ್ಜಿ ಮೂಲೆಯಲ್ಲಿದ್ದ ಪೊರಕೆ ತಗೊಂಡಳು. "ಈಗ ಯಾರಿಗೆ ಮೊದ್ಲು ಬಾರುಸ್ಲಿ?"

"ಸೀನಿಯಾರಿಟಿ ಪ್ರಕಾರ ಹೊಡೀರಿ ಅಜ್ಜಿ," ಎಂದ ನಿಂಗಯ್ಯ.

ಮೊದಲು ನಕ್ಕಿದ್ದು ಅಜ್ಜಿಯೇ. ಆಮೇಲೆ ಎಲ್ಲರೂ ನಕ್ಕರು. ಅಪ್ಪ ಮಾತ್ರ ಸ್ವಲ್ಪ ತಡವಾಗಿ ನಕ್ಕ.

ಮಾರನೇ ದಿನ ಜಾವಾ ಎರಡೇ ಒದೆಗೆ ಎದ್ದಿತು. ಡೇರಿಯ ಕಡೆ ತಿರುಗಿಯೂ ನೋಡದೆ ಕಿರುಗಾವಲು ದಾಟಿ ಮಳವಳ್ಳಿ ರೋಡಿಗೆ ಬಂತು. ಎರಡೂ ಕಡೆ ಕಬ್ಬಿನ ಗದ್ದೆ. ಮುಖಕ್ಕೆ ಗಾಳಿ ರಪರಪ ಬಡಿಯುತ್ತಿತ್ತು.

"ಅಪ್ಪಾ, ಸೀಟಿ ವಿಷ್ಯ ತಾತಂಗೆ ಆಮೇಲೆ ಹೇಳಿದ್ಯಾ?" ಶೋಭಿತಾ ಅವನ ಕಿವಿಯ ಹತ್ತಿರ ಕೂಗಿದಳು.

ಅಪ್ಪ ಗೇರು ಬದಲಿಸಿದ. ಇಂಜಿನ್ ಸದ್ದಿಗೆ ಕೇಳಿಸಲಿಲ್ಲವೇನೋ ಎಂದುಕೊಂಡಳು.

ಒಂದು ತಿರುವು ದಾಟಿದ ಮೇಲೆ ಅಪ್ಪ ಹೇಳಿದ, "ಹೇಳ್ಬೇಕು ಅಂತ್ಲೇ ಇದ್ದೆ ಕಣಮ್ಮ. ಇವತ್ತು, ನಾಳೆ ಅಂತ..."

ಉಳಿದದ್ದನ್ನು ಗಾಳಿ ತಗೊಂಡು ಹೋಯಿತು.

'ನಿನ್ ಬಾಯಲ್ಲೇನು ಮುದ್ದೆ ಇತ್ತಾ' ಎಂದು ಕೇಳಬೇಕು ಅಂತ ಶೋಭಿತಾ ಬೆಳಗ್ಗೆಯಿಂದ ಕಾಯುತ್ತಿದ್ದಳು. ಕೇಳಲಿಲ್ಲ. ಅಪ್ಪನ ಸೊಂಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಪೆಟ್ರೋಲು ವಾಸನೆಯ ಅಂಗಿಗೆ ಕೆನ್ನೆ ಒತ್ತಿದಳು.

"ನಿಧಾನಕ್ಕೇ ಓಡ್ಸಪ್ಪಾ," ಎಂದಳು. "ನಮಗೇನು ಅರ್ಜೆಂಟಿಲ್ಲ."