ಬಾವಿಯ ಸುತ್ತ ಚುಕ್ಕೆಯೇ ಇರಲಿಲ್ಲ

ಹಳೇ ಬಾವಿಯ ಸುತ್ತ ಹನ್ನೊಂದು ಮರಗಳಿದ್ದವು. ಬೆಳಿಗ್ಗೆ ನೋಡಿದರೆ ಹನ್ನೊಂದು ಬುಡಗಳು! ಗರಗಸ ಆಡಿದ ಗಾಯ ಇನ್ನೂ ಹಸಿ.

ಅದಕ್ಕಿಂತ ವಿಚಿತ್ರ, ಕಚೇರಿಯ ಮರಗಣತಿ ನಕ್ಷೆ. ಒಟ್ಟು ನಲವತ್ತು ಚುಕ್ಕೆ, ನಲವತ್ತು ಮರ. ಆದರೆ ಬಾವಿಯ ಸುತ್ತ ಒಂದು ಚುಕ್ಕೆಯೂ ಇಲ್ಲ. ಇಲ್ಲದ ಮರವನ್ನು ಕಡಿದವರು ಯಾರು? ನಕ್ಷೆಯ ಕೆಳಗೆ ಸಹಿ—ಕಿಡಿಯದು.

ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಅವನಿಗೆ ಆ ಅಡ್ಡಹೆಸರು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಮರ ಎಣಿಸಿ ಚುಕ್ಕೆ ಇಡುವ ಈ ಕೆಲಸ ಅವನ ಬದುಕಿನ ಮೊದಲ ಮರ್ಯಾದೆ.

"ಸಂಜೆಯೊಳಗೆ ನಿಜ ಹೇಳು. ಇಲ್ಲಾಂದ್ರೆ ಪೊಲೀಸಿಗೆ ಕೊಡ್ತೀನಿ," ಎಂದ ಮೇಲ್ವಿಚಾರಕ.

"ಇದು ನನ್ನ ನಕ್ಷೆ ಅಲ್ಲ ಸಾರ್!"

"ಸಹಿ?"

"ಸಹಿ ನಂದೇ. ಖಾಲಿ ಹಾಳೆಗೆಲ್ಲ ಮೊದಲೇ ಸಹಿ ಹಾಕಿಸ್ಕೊಂಡೋರು ಯಾರು? ನೀವೇ ತಾನೆ?"

ಮೇಲ್ವಿಚಾರಕ ಕೆಮ್ಮಿದ.

ತನಿಖೆಗೆ ಬಂದಿದ್ದ ನಿವೃತ್ತ ಸರ್ವೆಯರಮ್ಮ ಕನ್ನಡಕ ಏರಿಸಿದರು. "ಆ ಹಾಳೆಗಳು ಎಲ್ಲೆಲ್ಲಿದ್ವಪ್ಪ?"

"ನಮ್ಮನೇಲಿ. ನಕ್ಷೆ ಕೊಡೋ ದಿನ ನಂಗೆ ಜ್ವರ, ಅಣ್ಣ ತಂದ್ಕೊಟ್ಟ. ಆಮೇಲೆ ಇವರ ಮೇಜಿನ ಮೇಲೆ."

"ಆ ಮೇಜಿನ ಮುಂದೆ ದಿನಾ ಕೂರೋರು?"

"ಸಾಮಿಲ್ ಸಾಹುಕಾರ್ರು. ಕುರ್ಚಿ ಸವೆಸಿದ್ದಾರೆ."

ಸಾಹುಕಾರನನ್ನೂ ಕಿಡಿಯ ಅಣ್ಣನನ್ನೂ ಕರೆಸಿ, ಮೇಲ್ವಿಚಾರಕನ ಜೊತೆ ಮೂವರನ್ನೂ ಕೂರಿಸಿ ಸರ್ವೆಯರಮ್ಮ ಒಂದೊಂದು ಬಿಳಿ ಹಾಳೆ ಕೊಟ್ಟರು. "ಒಂದು ಬಯಲು ಅಂದ್ಕೊಳ್ಳಿ. ಮರಗಳು ತಾವಾಗೇ ಬೆಳೆದಿವೆ. ಮನಸ್ಸಿಗೆ ಬಂದ ಹಾಗೆ ನಲವತ್ತು ಚುಕ್ಕೆ ಇಡಿ."

"ಇದೇನು ಬಾಲವಾಡಿಯಾ ತಾಯಿ?" ಸಾಹುಕಾರ ನಕ್ಕ. ದಿಮ್ಮಿ ಪೇರಿಸಿದಂತೆ ಸಾಲಾಗಿ ಚುಕ್ಕೆ ಇಟ್ಟ. ಮೇಲ್ವಿಚಾರಕ ಬೇಸರದಿಂದ ಒಂದೇ ಮೂಲೆಯಲ್ಲಿ ಗುಂಪಾಗಿ ಕುಟ್ಟಿ ಮುಗಿಸಿದ. ಅಣ್ಣನಿಗೆ ಹೊತ್ತು ಹಿಡಿಯಿತು. ಇಪ್ಪತ್ತು ವರ್ಷದಿಂದ ತೋಟಗಳಲ್ಲಿ ಸಸಿ ನೆಡುವ ಕಸುಬಿನವನು; ಪೆನ್ನನ್ನು ಗುದ್ದಲಿಯಂತೆ ಹಿಡಿದಿದ್ದ.

"ನನ್ನ ತಮ್ಮ ಕೋಪಿಷ್ಠ, ಕಳ್ಳ ಅಲ್ಲ ಅಮ್ಮಾ," ಎಂದು ಹಾಳೆ ಕೊಟ್ಟ. ಕಿಡಿಯ ಕಣ್ಣು ಒದ್ದೆಯಾಯಿತು.

ಸರ್ವೆಯರಮ್ಮ ಕಳ್ಳನಕ್ಷೆಯನ್ನು ಬಿಡಿಸಿದರು. "ಎಲ್ರೂ ಸಹಿ ನೋಡಿದ್ರಿ. ಚುಕ್ಕೆ ಯಾರೂ ನೋಡ್ಲಿಲ್ಲ. ಮರದ ಬುಡಕ್ಕೇ ಬೀಜ ಬಿದ್ರೆ ಮರಿಗಳು ಗುಂಪು ಕಟ್ತಾವೆ. ಕಾಲುವೆ ಬದಿ ಆದ್ರೆ ಸಾಲು ಹಿಡೀತಾವೆ. ಹಕ್ಕಿ ಉದುರಿಸಿದ್ರೆ ಚೆಲ್ಲಾಪಿಲ್ಲಿ—ಇಲ್ಲಿ ಮೂರು ಅಂಟ್ಕೊಂಡು, ಅಲ್ಲಿ ಬಟಾಬಯಲು. ಇಲ್ಲಿ ನೋಡಿ. ಬಾವಿ ಬಿಟ್ರೆ ಎಲ್ಲಾ ಕಡೆ ಒಂದೇ ಅಂತರ. ಎರಡು ಚುಕ್ಕೆ, ಅವುಗಳ ನಡುವಿನ ಜಾಗಕ್ಕೆ ಸರಿಯಾಗಿ ಮುಂದಿನ ಸಾಲಿನ ಒಂದು ಚುಕ್ಕೆ. ಬಾವಿ ಬಯಲಿನ ಮರ ತಾವಾಗೇ ಬೆಳೆದವು; ಈ ಚುಕ್ಕೆಗಳು ಬೆಳೆದ ಮರ ಅಲ್ಲ. ನೆಟ್ಟ ಮರ!"

ಅವರು ಕಳ್ಳನಕ್ಷೆಯ ಪಕ್ಕ ಮೂರನೆಯ ಹಾಳೆ, ಅಣ್ಣನದು, ಇಟ್ಟರು. ಅದೇ ಅಂತರ. ಅದೇ ಓರೆ.

ಕಿಡಿ ಹಾಳೆಗಳ ಮೇಲೆ ಬಾಗಿದ. ಆ ಅಂತರ ಅವನಿಗೆ ಗೊತ್ತು—ಸಸಿ ನೆಡುವಾಗ ಅಣ್ಣ ಎಳೆದು ಕಟ್ಟುವ, ಹನ್ನೆರಡು ಅಡಿಗೊಂದು ಗಂಟು ಹಾಕಿದ ಹಗ್ಗ.

"ಮನಸ್ಸಿಗೆ ಬಂದ ಹಾಗೆ ಇಡು ಅಂದ್ರೂ ಇವರ ಕೈಗೆ ಬಂದಿದ್ದು ಕಸುಬೇ," ಎಂದರು ಸರ್ವೆಯರಮ್ಮ. "ನಕ್ಷೆ ಬದಲಾಯಿಸಿದ್ದು ನಿನ್ನ ಅಣ್ಣ ಕಣಪ್ಪ. ಯಾರಿಗೋಸ್ಕರ?"

ಸಾಹುಕಾರ ಬಾಗಿಲ ಕಡೆ ಜಾರಿದ. ಮೇಲ್ವಿಚಾರಕ ಚಿಲಕ ಹಾಕಿದ.

"ಬಾವಿ ಹತ್ರದ ಮರ ನಕ್ಷೇಲಿ ಕಾಣೋದು ಬೇಡ ಅಂತ ಇವ್ರು ಕೇಳಿದ್ರು ಕಣೋ…" ಅಣ್ಣ ಸಾಹುಕಾರನನ್ನು ತೋರಿಸಿ ತೊದಲಿದ. "ನೀನು ಚಿಕ್ಕವನು, ಬೈದು ಬಿಟ್ಬಿಡ್ತಾರೆ ಅಂದ್ಕೊಂಡೆ."

ಎಲ್ಲರೂ ಕಿಡಿ ಸಿಡಿಯುತ್ತಾನೆಂದು ಕಾದರು. ಅವನು ಸಿಡಿಯಲಿಲ್ಲ.

"ಆ ಹಗ್ಗದ ಇನ್ನೊಂದು ತುದಿ ಹಿಡಿಯೋಕೆ ಆಳಿಲ್ಲ ಅಂತ ತಾನೆ ನನ್ನ ಸ್ಕೂಲು ಬಿಡಿಸಿದ್ದು?" ಎಂದ ಮೆಲ್ಲಗೆ. "ಹಿಡ್ಕೊಂಡಿದ್ನಲ್ಲೋ ಅಣ್ಣಾ. ಯಾವತ್ತಾದ್ರೂ ಬಿಟ್ಟಿದ್ನಾ?"



ಸರ್ವೆಯರಮ್ಮ ಕಿಡಿಯ ಹೇಳಿಕೆ ಬರೆದು ಅವನ ಮುಂದಿಟ್ಟರು. ಈ ಸಲ ಹಾಳೆ ಖಾಲಿ ಇರಲಿಲ್ಲ. ಕಿಡಿ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಅಣ್ಣನ ಹೆಸರಿದ್ದ ಸಾಲನ್ನು ಎರಡು ಸಲ ಓದಿದ. ಆಮೇಲೆ ಸಹಿ ಹಾಕಿದ.